ಗುರುವಾರದ ಚಿಲ್ಲರೆ

ಜಗಳ ಶುರುವಾದದ್ದು ‘ಓವರ್’ನಿಂದ.
ಥಿಂಕ್ ಇಟ್ ಓವರ್, ಅಂದೆ. ಬಿಳಿ ಹಲಗೆಯ ಮೇಲೆ ಬರೆದೆ.
ಮುಗಿಯಿತಾ ಮೇಡಂ, ಎಂದ ಹೇಮಿನ್,
ಗ್ರಿಮ್ಸ್‌ಬಿಯ ಹಳೇ ಬಂದರಿನ ಹತ್ತಿರ ಕ್ಷೌರದಂಗಡಿ ಇಟ್ಟವನು.
ಆಟ ಮುಗಿದರೂ ಓವರ್, ಶಿಫ್ಟು ಮುಗಿದರೂ ಓವರ್,
ಯೋಚನೆಯೂ ಮುಗಿಯಿತಾ?

ಇಲ್ಲಪ್ಪ, ಈಗಷ್ಟೇ ಶುರು.
ಮೇಜಿನ ಮೇಲೆ ಅಂಗೈ ಸವರಿ ತೋರಿಸಿದೆ, ಇಸ್ತ್ರಿ ಹಾಕುವ ಹಾಗೆ:
ಸುಕ್ಕು ಎಲ್ಲಿ ಉಳಿಯಿತು ಎಂದು
ಇಡೀ ಬಟ್ಟೆಯ ಮೇಲೆ ಒಮ್ಮೆ ಹೋಗಿ ಬರುವುದು.
‘ಥ್ರೂ’ ಬೇರೆ. ಅದು ಈ ಕಡೆ ಚುಚ್ಚಿ ಆ ಕಡೆ ಎಳೆಯುವ ಸೂಜಿ,
ನಡುವೆ ಕೈಬಿಟ್ಟರೆ ದಾರ ಜೋತುಬೀಳುತ್ತದೆ.
‘ಅಪ್’ ಅಂದರೆ ಇಲ್ಲದ್ದನ್ನು ಹುಟ್ಟಿಸಿ ತರುವುದು,
ಬಾಡಿಗೆ ತಡವಾದಾಗ ಮಾಲೀಕನಿಗೆ ಹೇಳುತ್ತೀರಲ್ಲ, ಅದು.
ನಕ್ಕರು. ಅಷ್ಟು ಅರ್ಥವಾಗಿತ್ತು.

ಇಪ್ಪತ್ತೆರಡು ವರ್ಷ ಮೀನು ಹರಾಜಿನ ಕಚೇರಿಯಲ್ಲಿ ಲೆಕ್ಕ ಬರೆದವಳು ನಾನು.
ಪಾಠ ಹೇಳುವುದನ್ನು ಕಲಿತದ್ದು ನಿವೃತ್ತಿಯ ನಂತರ, ಒಂಬತ್ತು ವಾರದಲ್ಲಿ.
ಅಲ್ಲಿ ಯಾರೂ ಹೇಳಿಕೊಡಲಿಲ್ಲ:
ಕ್ರಿಯಾಪದ ದೊಡ್ಡ ನೋಟು, ಎಲ್ಲರ ಜೇಬಲ್ಲೂ ಇದೆ;
ಬಸ್ಸಿನವನು ಕೇಳುವುದು ಚಿಲ್ಲರೆ.

ಒಡಾರ್ಕಾ ಖೆರ್ಸನ್ನಿನವಳು,
ಪ್ಯಾಕಿಂಗ್ ಶೆಡ್ಡಿನ ತಣ್ಣಗೆ ಇನ್ನೂ ಬೆರಳುಗಳಲ್ಲಿ.
ಥಿಂಕ್ ಅಂಡರ್ ಇಲ್ಲವಾ?
ಇಲ್ಲ.
ನೆಲಮಾಳಿಗೆಯಲ್ಲಿ ಹನ್ನೊಂದು ದಿನ ಕೂತು ಯೋಚಿಸಿದ್ದಕ್ಕೆ ಏನನ್ನಬೇಕು?
ಪುಸ್ತಕದ ಪಟ್ಟಿ ತಿರುವಿದೆ. ಎರಡು ಸಲ.
ಹಲಗೆಯ ಮೂಲೆಯಲ್ಲಿ ‘ಅಂಡರ್’ ಎಂದು ಬರೆದು
ಪ್ರಶ್ನೆಯ ಚಿಹ್ನೆ ಹಾಕಿದೆ.
ಈಗಲೂ ಅಲ್ಲೇ ಇದೆ, ಯಾರೋ ತಪ್ಪು ಪೆನ್ನು ಇಟ್ಟಿದ್ದರು,
ಎಷ್ಟು ಉಜ್ಜಿದರೂ ಹೋಗುವುದಿಲ್ಲ.

‘ಬೆಟರ್’ ಅಂತ ಇನ್ನೊಂದು ಗೋಳು.
ಥಾಟ್ ಬೆಟರ್ ಆಫ್ ಇಟ್ ಎಂದರೆ
ಚೆನ್ನಾಗಿ ಯೋಚಿಸಿ, ಕೊನೆಗೆ ಬಿಟ್ಟುಬಿಟ್ಟೆ ಎಂದು.
ಲೆತೆಬ್ರಹಾನ್ ಪೆನ್ನಿನ ತುದಿ ಕಚ್ಚಿದಳು.
ಹಾಗಾದರೆ ದೋಣಿ ಹತ್ತುವಾಗ ನಾನು ಚೆನ್ನಾಗಿ ಯೋಚಿಸಿರಲಿಲ್ಲ.
ಹತ್ತಿದೆನಲ್ಲ.

‘ಆಫ್’ ಮತ್ತು ‘ಅಬೌಟ್’ ಮುಂದಿನ ವಾರಕ್ಕೆ ಎಂದಿದ್ದೆ.
ಮುಂದಿನ ವಾರ ಡೆರಿಕ್ ಹೋದ,
ಬೆಳಿಗ್ಗೆ ಶೂ ಲೇಸು ಕಟ್ಟುತ್ತ,
ಒಂದು ಕಾಲಿನದ್ದು ಮುಗಿಸಿ.

ಬಂದ ಕಾರ್ಡುಗಳಲ್ಲೆಲ್ಲ ಒಂದೇ ಅಚ್ಚಿನ ವಾಕ್ಯ, ಥಿಂಕಿಂಗ್ ಆಫ್ ಯು,
ಓರೆಯಕ್ಷರ, ಲಿಲ್ಲಿ ಹೂ, ವ್ಯಾಕರಣ ಶುದ್ಧ.
ಆ ‘ಆಫ್’ ಎಷ್ಟು ಸಣ್ಣದು.
ದಾರಿಯಲ್ಲಿ ಎದುರಾದವರು ಟೋಪಿ ಮುಟ್ಟಿಕೊಂಡು ಹೋದಷ್ಟು.

ಮೂರನೆಯ ವಾರ ಗುರುವಾರದವರದ್ದು ಬಂತು.
ನೋಟ್‌ಬುಕ್ಕಿನಿಂದ ಹರಿದ ಹಾಳೆ, ನಾಲ್ಕು ಮಡಿಕೆ,
ಲಕೋಟೆಯ ಅಂಟಿನಲ್ಲಿ ಯಾರದೋ ಕತ್ತರಿಸಿದ ಕೂದಲು.
ಹೇಮಿನ್‌ನ ದಪ್ಪ ಅಕ್ಷರ:
ಡಿಯರ್ ಲೊರೇನ್, ವಿ ಆರ್ ಥಿಂಕಿಂಗ್ ಓವರ್ ಯು.
‘ಓವರ್’ ಕೆಳಗೊಂದು ಗೆರೆ,
ಪಾಠ ಮರೆತಿಲ್ಲ ನೋಡಿ ಎನ್ನುವ ಹಾಗೆ.
ಅದರ ಕೆಳಗೆ, ಬೇರೆ ಶಾಯಿಯಲ್ಲಿ: ಆಂಡ್ ಅಂಡರ್. ಒಡಾರ್ಕಾ.

ಕೆಂಪು ಪೆನ್ನು ತಾನಾಗಿ ಕೈಗೆ ಬಂತು. ಮುಚ್ಚಳವನ್ನೂ ತೆಗೆದಿದ್ದೆ.
ಆಮೇಲೆ ಅಡುಗೆಮನೆಯ ಮೇಜಿನ ಮೇಲೆ
ಆ ಹಾಳೆಯ ಮಡಿಕೆಗಳನ್ನು ಅಂಗೈಯಿಂದ ಸವರುತ್ತ ಕೂತೆ,
ಈ ಅಂಚಿನಿಂದ ಆ ಅಂಚಿಗೆ,
ಮತ್ತೆ ಆ ಅಂಚಿನಿಂದ.

ಗುರುವಾರ ಕೊಡೆ ಮರೆತು ಹೊರಟೆ.
ಎರಡು ಬೀದಿಯುದ್ದಕ್ಕೂ ನೆನೆದೆ. ಅವನನ್ನೂ.
ಹೇಮಿನ್ ಏನೂ ಕೇಳದೆ ನನ್ನ ಕುರ್ಚಿಯನ್ನು ಹೀಟರಿನ ಪಕ್ಕ ಎಳೆದಿಟ್ಟ.
ಆಮೇಲೆ ಮೆಲ್ಲಗೆ: ‘ಆಫ್’ ಇವತ್ತಾ ಮೇಡಂ?

ಇವತ್ತು ಬೇಡ, ಅಂದೆ.
ಯಾರ ಹತ್ತಿರ ಚಿಲ್ಲರೆ ಇದೆ?
ಚಹಾದ ಯಂತ್ರ ನೋಟು ತೆಗೆದುಕೊಳ್ಳುವುದಿಲ್ಲ.